ಪಂಚಮಿಗೆ ಬಂದ ಪಾರತ್ತಿ

ನಮ್ಮ ಮನೆಯಲ್ಲಿ ಜೋಳದ ಹಿಟ್ಟು ಯಾವತ್ತೂ ಖಾಲಿಯಾಗುವುದಿಲ್ಲ, ಹೆಚ್ಚಾಗುತ್ತದೆ. ಡಬ್ಬಿಯ ತಳ ಕೈಗೆ ತಾಗಿ, ಉಗುರಿಗೆ ಒಂದಿಷ್ಟು ಬಿಳಿ ಹತ್ತಿದಾಗ ನಾನು ಅಡುಗೆಮನೆಯಿಂದ ಕೂಗುವುದು "ಹಿಟ್ಟು ಹೆಚ್ಚಾಗೈತ್ರಿ" ಎಂದೇ. ಮದುವೆಯಾದ ಹೊಸದರಲ್ಲಿ ಇದನ್ನು ಕೇಳಿದ ನನ್ನ ಗಂಡ, ಹಂಗಾರೆ ಹುಳ ಬೀಳೋದ್ರೊಳಗೆ ಯಾರಿಗಾದ್ರೂ ಕೊಟ್ಬಿಡು ಅಂದಿದ್ದರು. ಇವರು ಹರಪನಹಳ್ಳಿ ಕಡೆಯವರು. ಅಲ್ಲಿಯ ಹೆಂಗಸರೂ ನಮ್ಮ ಹಾಗೇ ಮಾತಾಡುತ್ತಾರೆ, ಅಪಾರ್ಥ ಬೇಡ. ಆದರೆ ಇವರು ಬೆಳೆದದ್ದು ಹಾಸ್ಟೆಲಿನಲ್ಲಿ. ಹಾಸ್ಟೆಲಿನಲ್ಲಿ ಅನ್ನ ಖಾಲಿಯಾದರೆ ಖಾಲಿ, ಅಷ್ಟೇ. ಅವತ್ತು ರೊಟ್ಟಿಯ ಬದಲು ಒಗ್ಗರಣೆ ಮಂಡಕ್ಕಿ ತಿಂದು ಮಲಗಿದ ಮೇಲೆ ಅವರಿಗೆ ನಮ್ಮ ಮನೆತನದ ಭಾಷೆ ಸ್ವಲ್ಪ ಸ್ವಲ್ಪ ತಿಳಿಯತೊಡಗಿತು.

ಈ ಭಾಷೆಯ ಯಜಮಾನಿಕೆ ನಮ್ಮ ಅಜ್ಜಿಯದು, ಅಂದರೆ ಅಪ್ಪನ ತಾಯಿಯದು. ಆಕೆಯ ರಾಜ್ಯದಲ್ಲಿ ದೀಪವನ್ನು ಯಾರೂ ಆರಿಸುವಂತಿರಲಿಲ್ಲ, ದೊಡ್ಡದು ಮಾಡಬೇಕಿತ್ತು. ಬಳೆ ಒಡೆಯುತ್ತಿರಲಿಲ್ಲ, ಅದೂ ಹೆಚ್ಚುತ್ತಿತ್ತು. ಹೊರಟವರು ಹೋಗ್ತೀನಿ ಅಂದರೆ ಕರೆದು ಕೂರಿಸಿ, ಬರ್ತೀನಿ ಅನ್ನಿಸಿ, ಆಮೇಲೆ ಬಿಡುತ್ತಿದ್ದಳು. ಅಷ್ಟರಲ್ಲಿ ಬಸ್ಸು ಹೋಗಿರುತ್ತಿತ್ತು, ಅದು ಬೇರೆ ಮಾತು. ಹಿತ್ತಲಲ್ಲಿ ಮಾರುದ್ದದ ನಾಗರ ಹರಿದು ಹೋದರೂ ಆಕೆಯ ಬಾಯಲ್ಲಿ ಅದು ಒಂದು ಹುಳ. ಓಣಿಯ ಕೊನೆಮನೆಯವನು ಕುಡಿದು ಗಟಾರದಲ್ಲಿ ಮಲಗಿದ್ದರೆ, "ಪಾಪ, ಅವಗ ಸ್ವಲ್ಪ ಆಯಾಸ ಆಗೈತಿ" ಅನ್ನುತ್ತಿದ್ದಳು. ಹೀಗೆ ಕೆಟ್ಟದ್ದು ಎಂಬುದೇ ನಡೆಯದ ಒಂದು ಮನೆಯಲ್ಲಿ ನಾನು ಬೆಳೆದೆ. ಕೂಡ್ಲಿಗಿಯಿಂದ ಬಸ್ಸಿಗೆ ಹೆಚ್ಚು ಹೊತ್ತೇನೂ ಇಲ್ಲದ ಊರು ನಮ್ಮದು. ಅಪ್ಪನದು ಮನೆಗೆ ಹೊಂದಿಕೊಂಡೇ ಇದ್ದ ಕಿರಾಣಿ ಅಂಗಡಿ.

ಇದೆಲ್ಲ ಈಗ ಯಾಕೆ ನೆನಪಾಯಿತು ಅಂದರೆ, ನಾನೀಗ ಹಡಗಲಿ ಕಡೆಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರು. ಮೊನ್ನೆ ಪರೀಕ್ಷೆಗೆ ಮುಂಚಿನ ರಿವಿಜನ್ ಮಾಡಿಸುತ್ತಿದ್ದೆ. ಸಿಮಿಲಿ, ಮೆಟಫರ್, ಪರ್ಸಾನಿಫಿಕೇಶನ್ ಅಂತ ಬೋರ್ಡಿನ ಮೇಲೆ ಒಂದರ ಕೆಳಗೊಂದು ಬರೆದು, ಒಂದೊಂದಕ್ಕೂ ಗೈಡಿನಲ್ಲಿದ್ದ ಉದಾಹರಣೆಯನ್ನೇ ಕೊಟ್ಟು, ಮಕ್ಕಳು ಬರೆದುಕೊಂಡು, ಎಲ್ಲ ಸುಸೂತ್ರ ನಡೆದಿತ್ತು. ಯೂಫೆಮಿಸಂ ಅಂತ ಬರೆದ ಕೂಡಲೆ ನನ್ನ ಕೈ ನಿಂತಿತು. ಕಹಿ ಮಾತನ್ನ ಸಿಹಿ ಮಾಡಿ ಹೇಳೋದು, ಇದಕ್ಕೊಂದು ಉದಾಹರಣೆ ಕೊಡ್ರಿ ಅಂತ ಮಕ್ಕಳನ್ನು ಕೇಳಿದವಳಿಗೆ ನನಗೇ ನಗು ಬಂತು. ಟೀಚರ್ ನಕ್ಕರೆಂದರೆ ಪಾಠ ಮುಗಿಯಿತೆಂದು ತಿಳಿದ ಮಕ್ಕಳು ಪುಸ್ತಕ ಮಡಚಿದವು. ನನಗೆ ನೆನಪಾದದ್ದು ಪಾರತ್ತಿ.

ಪಾರತ್ತಿ ಅಂದರೆ ಪಾರ್ವತಿ ಅತ್ತೆ, ಅಪ್ಪನ ತಂಗಿ. ಆಕೆ ನಮ್ಮ ಮನೆಗೆ ಪಂಚಮಿಗೆ ಬಂದಿದ್ದಳು. ಕೊಟ್ಟ ಹೆಣ್ಣುಮಕ್ಕಳು ನಾಗರಪಂಚಮಿಗೆ ತವರಿಗೆ ಬರುವುದು, ಉಂಡಿ ತಿಂದು, ಜೋಕಾಲಿ ಆಡಿ, ಒಂದು ಸೀರೆ ಉಡಿಸಿಕೊಂಡು ಹೋಗುವುದು ನಮ್ಮ ಕಡೆಯ ಪದ್ಧತಿ. ನಿಮಗೆ ಗೊತ್ತಿದ್ದದ್ದೇ. ಪಾರತ್ತಿಯೂ ಹಾಗೇ ಬಂದವಳು. ಆದರೆ ಅದು ನಾನು ಹುಟ್ಟುವ ಮುಂಚಿನ ಪಂಚಮಿ. ಓಣಿಯವರು, ನೆಂಟರು, ಅಂಗಡಿಗೆ ಬಂದವರು ಯಾರೇ ಕೇಳಲಿ, ಅಜ್ಜಿಯ ಉತ್ತರ ಒಂದೇ: "ಪಂಚಮಿಗೆ ಬಂದಾಳ." ದೀಪಾವಳಿಗೆ ಕೇಳಿದರೂ ಅದೇ, ಯುಗಾದಿಗೆ ಕೇಳಿದರೂ ಅದೇ. ಸಣ್ಣವಳಿದ್ದಾಗ ನಾನು, ಉಳಿದ ಹಬ್ಬಗಳು ಒಂದೆರಡು ದಿನದವು, ಪಂಚಮಿ ಮಾತ್ರ ವರ್ಷವಿಡೀ ಇರುವ ದೊಡ್ಡ ಹಬ್ಬ ಅಂತಲೇ ತಿಳಿದಿದ್ದೆ. ಶಾಲೆಯಲ್ಲಿ ನಾಗರಪಂಚಮಿಯ ಮೇಲೆ ಪ್ರಬಂಧ ಬರೆಯಲು ಹೇಳಿದಾಗ ಹಾಗೇ ಬರೆದೂ ಬಂದೆ. ಟೀಚರಮ್ಮ ಅದರ ಕೆಳಗೆ ಕೆಂಪು ಗೆರೆ ಎಳೆದು ಸುಮ್ಮನಾದರು. ಅವರೂ ನಮ್ಮೂರಿನವರೇ, ಅವರಿಗೆ ಗೊತ್ತಿತ್ತು.

ಊರಿಗೆಲ್ಲ ಗೊತ್ತಿತ್ತು. ಅಳಿಯನ ಬಗ್ಗೆ ಅಜ್ಜಿ, "ಸ್ವಲ್ಪ ಗಡಸು ಮನಿಷ್ಯಾ" ಅನ್ನುತ್ತಿದ್ದಳು. ಪಾರತ್ತಿಯ ಎಡಗೈ ಮಣಿಕಟ್ಟಿನ ಹತ್ತಿರ ಪೂರ್ತಿ ಮಡಚುತ್ತಿರಲಿಲ್ಲ. ಆಕೆ ಬಡಿದ ರೊಟ್ಟಿ ಯಾವಾಗಲೂ ಒಂದು ಕಡೆ ತೆಳ್ಳಗೆ, ಇನ್ನೊಂದು ಕಡೆ ದಪ್ಪ. ಆ ದಪ್ಪ ಕಡೆಗಾಗಿ ನಾನೂ ನನ್ನ ತಮ್ಮನೂ ಜಗಳಾಡುತ್ತಿದ್ದೆವು. ಅಜ್ಜಿ ಆ ಕೈಗೂ ಒಂದು ಮಾತು ಇಟ್ಟುಕೊಂಡಿದ್ದಳು: "ಆಕಿ ಕೈ ಸ್ವಲ್ಪ ನಾಜೂಕು." ಈಗ ನೆನೆಸಿಕೊಂಡರೆ ನನಗೆ ಸಿಟ್ಟು ಬರುತ್ತದೆ. ಆಗ ನನಗೂ ಕೈ ನಾಜೂಕಾಗಬೇಕು ಅನ್ನಿಸುತ್ತಿತ್ತು.

ಪಂಚಮಿಗೆ ಬಂದವಳು ಎಂಬ ಮಾತಿನಲ್ಲಿ ಒಂದು ತೊಂದರೆ ಇತ್ತು ನೋಡಿ. ಹಬ್ಬಕ್ಕೆ ಬಂದವರು ಎಂದಾದರೂ ಹೋಗಬೇಕು. ಆಷಾಢ ಕಳೆಯುತ್ತಿದ್ದಂತೆ ಹಿರಿಯರೆನಿಸಿಕೊಂಡ ಯಾರಾದರೂ ಬಂದು ಕಟ್ಟೆಯ ಮೇಲೆ ಕೂತು, ಈ ಸಲ ಮಗಳನ್ನ ಕಳಸಾದು ಹ್ಯಾಂಗ ಅಂತ ಅಜ್ಜಿಯನ್ನು ಕೇಳುವರು. ಅಜ್ಜಿ ಅವರಿಗೆ ಚಾ ಕೊಟ್ಟು, ನೋಡಾಣ್ರಿ ಅನ್ನುವಳು. ಒಳಗೆ ಪಾರತ್ತಿ ಆ ಹೊತ್ತು ಪೂರ್ತಿ ಒಂದೇ ಪಾತ್ರೆಯನ್ನು ಉಜ್ಜುತ್ತಿದ್ದಳು. ಆಕೆಗೆ ಆ ಮನೆಯಲ್ಲಿ ಊಟಕ್ಕೆ, ಬಟ್ಟೆಗೆ, ಪ್ರೀತಿಗೆ ಕಡಿಮೆ ಇರಲಿಲ್ಲ. ಇರಲಿಕ್ಕೆ ಒಂದು ಕಾರಣ ಮಾತ್ರ ಇರಲಿಲ್ಲ.

ಆ ಕಾರಣ ನಾನು ಹತ್ತನೇ ತರಗತಿಗೆ ಬಂದ ವರ್ಷ ಕಾಣಿಸಿಕೊಂಡಿತು. ಪಾರತ್ತಿ ಊರ ಅಂಗನವಾಡಿಯಲ್ಲಿ ಆಯಾ ಆಗಿದ್ದಳು. ಅಲ್ಲಿಯ ಟೀಚರಿಗೆ ಹಗರಿಬೊಮ್ಮನಹಳ್ಳಿಯ ಕಡೆ ಮದುವೆ ನಿಶ್ಚಯವಾಗಿ, ಅವರ ಜಾಗ ತೆರವಾಗುವುದಿತ್ತು. ಆ ಕೆಲಸಕ್ಕೆ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ಪಾರತ್ತಿ ಮದುವೆಗೆ ಮುಂಚೆ ಪರೀಕ್ಷೆಗೆ ಕೂತು, ಇಂಗ್ಲಿಷಿನಲ್ಲಿ ಉಳಿದುಕೊಂಡಿದ್ದವಳು. ಫೇಲು ಅನ್ನಬಾರದಲ್ಲ, ಇಂಗ್ಲಿಷು ಉಳದೈತಿ ಅನ್ನುತ್ತಿದ್ದಳು ಅಜ್ಜಿ, ಅದನ್ನೇನೋ ಮಾಳಿಗೆಯ ಮೇಲೆ ಒಣಗಲಿಕ್ಕೆ ಬಿಟ್ಟು ಬಂದಂತೆ. ಟೀಚರಾದರೆ ಆಕೆ ಊರಿಗೆ ಬೇಕಾದವಳು, ಯಾರೂ ಎಂದು ಹೋಗ್ತೀ ಅಂತ ಕೇಳುವಂತಿಲ್ಲ. ಹೀಗಾಗಿ ಅತ್ತೆ, ಸೊಸೆ ಇಬ್ಬರೂ ಒಂದೇ ವರ್ಷ ಪರೀಕ್ಷೆಗೆ ಫೀ ಕಟ್ಟಿದೆವು, ಭಾನುವಾರಕ್ಕೊಮ್ಮೆ ಒಂದೇ ಬಸ್ಸಿನಲ್ಲಿ ಕೂಡ್ಲಿಗಿಯ ಟ್ಯುಟೋರಿಯಲ್ಲಿಗೆ ಹೊರಟೆವು.

ಟ್ಯುಟೋರಿಯಲ್ಲಿನ ಮೇಷ್ಟ್ರು ಪಾರತ್ತಿಗಿಂತ ಸಣ್ಣವರು. ಹುಡುಗರನ್ನೆಲ್ಲ ಕತ್ತೆ ಅಂತ ಬೈದು, ಕೂಡಲೆ ಪಾರತ್ತಿಯ ಕಡೆ ತಿರುಗಿ ನಿಮಗಲ್ರಿ ಅಕ್ಕಾರ ಅನ್ನುತ್ತಿದ್ದರು. ಫಿಗರ್ಸ್ ಆಫ್ ಸ್ಪೀಚಿಗೆ ಅವರದೊಂದು ಸೂತ್ರವಿತ್ತು. ಸಾಲಿನಲ್ಲಿ ಲೈಕ್ ಅಥವಾ ಆ್ಯಸ್ ಇದ್ದರೆ ಸಿಮಿಲಿ. ಇಲ್ಲದಿದ್ದರೆ ಮೆಟಫರ್. ಎರಡೂ ಅಲ್ಲ ಅನ್ನಿಸಿದರೆ ಪರ್ಸಾನಿಫಿಕೇಶನ್ ಬರೆದು ದೇವರ ಮೇಲೆ ಭಾರ ಹಾಕುವುದು. ಈ ಸೂತ್ರವನ್ನು ನಂಬಿ, ನನಗೆ ಮಾವಿನಹಣ್ಣು ಇಷ್ಟ ಎಂಬರ್ಥದ ಇಂಗ್ಲಿಷ್ ಸಾಲಿನಲ್ಲೂ ಲೈಕ್ ಕಂಡು ಸಿಮಿಲಿ ಎಂದು ಬರೆದ ಪುಣ್ಯಾತ್ಮರು ನಮ್ಮ ಬ್ಯಾಚಿನಲ್ಲಿದ್ದರು. ಅವರಲ್ಲಿ ಒಬ್ಬಳು ಈಗ ಹಡಗಲಿ ಕಡೆ ಇಂಗ್ಲಿಷ್ ಟೀಚರಾಗಿದ್ದಾಳೆ. ಕನ್ನಡ ಪೀರಿಯಡ್ಡಿನಲ್ಲಿ ಉಪಮೆ, ರೂಪಕ ಅಂತ ಉರು ಹೊಡೆದಿದ್ದ ನಮಗೆ, ಇವೂ ಅವೂ ಒಂದೇ ಅಂತ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಕನ್ನಡದ್ದು ಕನ್ನಡ ಪೇಪರಿಗೆ, ಇಂಗ್ಲಿಷಿನದು ಇಂಗ್ಲಿಷ್ ಪೇಪರಿಗೆ. ಹೈಪರ್ಬೊಲಿಯನ್ನು ಮೇಷ್ಟ್ರು ಹೈಪರ್ ಬೌಲ್ ಅನ್ನುತ್ತಿದ್ದರು. ನಾನು ಬಿ.ಎಡ್. ಸೇರುವವರೆಗೂ ಅದನ್ನೊಂದು ದೊಡ್ಡ ಬೋಗುಣಿ ಅಂತಲೇ ಕಲ್ಪಿಸಿಕೊಂಡಿದ್ದೆ.

ಮನೆಯಲ್ಲಿ ರಿವಿಜನ್ ನಡೆಯುತ್ತಿದ್ದದ್ದು ಒಲೆಯ ಮುಂದೆ. ಪಾರತ್ತಿ ರೊಟ್ಟಿ ಬಡಿಯುವಳು, ನಾನು ಗೈಡು ಹಿಡಿದು ಕೇಳುತ್ತಿದ್ದೆ. ಇಂಥ ಕಥೆಗಳಲ್ಲಿ ನೀವು ಓದಿರುತ್ತೀರಿ, ಹಳ್ಳಿಯ ಹೆಂಗಸು ಒಲೆ ಮುಂದೆ ಕೂತೇ ಅಲಂಕಾರಗಳನ್ನೆಲ್ಲ ತಾನಾಗಿ ಆಡಿ ಓದಿದವರ ಕಣ್ಣು ತೆರೆಸುತ್ತಾಳೆ. ಪಾರತ್ತಿ ಅಂಥದ್ದೇನೂ ಮಾಡಲಿಲ್ಲ. ಆಕೆಗೆ ಮೆಟಫರ್ ಯಾವುದು, ಸಿಮಿಲಿ ಯಾವುದು ಕೊನೆಯವರೆಗೂ ಹತ್ತಲಿಲ್ಲ. ಮೂರು ಸಲ ತಪ್ಪು ಹೇಳಿ, ನಾಲ್ಕನೆಯ ಸಲ ನನ್ನ ಮೇಲೆಯೇ ಹರಿಹಾಯುತ್ತಿದ್ದಳು. "ಚಂದ್ರನಂಗ ಮುಖ ಅಂದ್ರೇನು, ಮುಖಾನ ಚಂದ್ರ ಅಂದ್ರೇನು? ಹೊಟ್ಟಿಗೆ ರೊಟ್ಟಿ ಬೇಕಲ್ಲಲೇ, ಯಾವ ಮುಖಕ್ಕಾದರೂ?" ಆ ಮಾತು ಕೇಳಿದ ಮೇಲೆ ನನಗೂ ಅದರ ವ್ಯತ್ಯಾಸ ಮರೆತುಹೋಗುತ್ತಿತ್ತು.

ಒಂದು ಭಾನುವಾರ ಮೇಷ್ಟ್ರು ಯೂಫೆಮಿಸಂ ತೆಗೆದರು. ಪರೀಕ್ಷೆಗೆ ಬರೋದಿಲ್ಲ, ಆದರೂ ಗೊತ್ತಿರಲಿ ಅಂತ ಅರ್ಥ ಬರೆಸಿ, ಉದಾಹರಣೆ ಕೇಳಿದರು. ಎಲ್ಲರೂ ತಲೆ ತಗ್ಗಿಸಿದ್ದೆವು. ಪಾರತ್ತಿ ಎದ್ದು ನಿಂತಳು. ತಾನಾಗಿ ಆಕೆ ಎದ್ದು ನಿಂತದ್ದು ಅದೇ ಮೊದಲು, ಅದೇ ಕೊನೆ.

"ನಾನು ಪಂಚಮಿಗೆ ಬಂದೀನ್ರಿ ಸರ್" ಅಂದಳು.

ಮೇಷ್ಟ್ರು, ರಜೆ ಕೇಳುತ್ತಿದ್ದಾಳೆ ಅಂದುಕೊಂಡರು. ಪಂಚಮಿ ಇನ್ನೂ ಭಾಳ ದೂರ ಐತಲ್ರಿ ಅಕ್ಕಾರ, ಪರೀಕ್ಷೆ ಮುಗಿಸಿ ಆರಾಮ ಹೋಗಿ ಬರ್ರಿ ಅಂದರು. ಹುಡುಗರು ನಕ್ಕರು. ಪಾರತ್ತಿಯೂ ನಕ್ಕು ಕೂತಳು. ಬೆಂಚಿನ ಕೆಳಗೆ ಆಕೆಯ ಬಲಗೈ ಎಡಗೈಯ ಮಣಿಕಟ್ಟನ್ನು ಹಿಡಿದುಕೊಂಡಿತ್ತು. ಅಷ್ಟು ದೊಡ್ಡ ಪಂಚಮಿ ಅಷ್ಟು ವರ್ಷ ನಮ್ಮ ಮನೆಯಲ್ಲಿ ಯಾಕೆ ನಡೆದಿದೆ ಅಂತ ನನಗೆ ಪೂರ್ತಿ ತಿಳಿದದ್ದು ಆ ಬೆಂಚಿನ ಮೇಲೆ. ಬಸ್ಸಿನಲ್ಲಿ ಬರುವಾಗ ಆಕೆ ಶೇಂಗಾ ಕೊಂಡಳು, ಸುಲಿದು ಸುಲಿದು ನನ್ನ ಕೈಗೆ ಹಾಕಿದಳು.

ಪರೀಕ್ಷೆ ಬರೆದೆವು. ಫಲಿತಾಂಶ ಬರುವ ದಿನ ಅಪ್ಪ ಅಂಗಡಿ ಕಟ್ಟಿ ಕೂಡ್ಲಿಗಿಗೆ ಹೋದರು. ಅಂಗಡಿ ಮುಚ್ಚಿ ಅಂತ ನಾನು ಬರೆಯಲಾರೆ, ಕೈ ಬರುವುದಿಲ್ಲ. ಅವರು ತಿರುಗಿ ಬಂದದ್ದು ಮಧ್ಯಾಹ್ನ, ನಾವು ಊಟಕ್ಕೆ ಕೂತ ಹೊತ್ತಿನಲ್ಲಿ. ಹೊಸ್ತಿಲ ಮೇಲೆ ನಿಂತು ಪಾರತ್ತಿಯ ತಾಟನ್ನು ನೋಡಿದರು. ಆಕೆ ಆಗಷ್ಟೇ ರೊಟ್ಟಿ ಮುರಿದಿದ್ದಳು. ಸುದ್ದಿ ಕೇಳಿದರೆ ಖುಷಿಯಲ್ಲಿ ಊಟ ಬಿಟ್ಟು ಏಳುತ್ತಾಳೆ ಅನ್ನಿಸಿತಂತೆ ಅವರಿಗೆ. "ಮೊದ್ಲು ಉಣ್ರಿ, ಆಮ್ಯಾಲೆ ಹೇಳ್ತೀನಿ" ಅಂದುಬಿಟ್ಟರು.

ಆಗಬಾರದ್ದು ಆಗಿಹೋಯಿತು. ನಮ್ಮ ಕಡೆ ಮೊದ್ಲು ಉಣ್ರಿ ಅನ್ನುವುದು ಸಾವಿನ ಸುದ್ದಿ ತಂದವರು. ಸುದ್ದಿ ಹೇಳಿದ ಮೇಲೆ ಒಲೆ ಹಚ್ಚುವಂತಿಲ್ಲ, ಹೊಟ್ಟೆಗೆ ಕೂಳು ಇಳಿಯುವುದಿಲ್ಲ, ಅದಕ್ಕೆ ಮುಂಚೆಯೇ ಉಣ್ಣಿಸಿ, ನೀರು ಕುಡಿಸಿ, ಆಮೇಲೆ ಬಾಯಿ ಬಿಡುತ್ತಾರೆ. ಅಜ್ಜ ಬಳ್ಳಾರಿಯ ದವಾಖಾನೆಯಲ್ಲಿ ತೀರಿಕೊಂಡಾಗಲೂ ಸುದ್ದಿ ತಂದವನು, ಅಜ್ಜಾರು ಆರಾಮ ಅದಾರ, ಮೊದ್ಲು ಉಣ್ರಿ ಅಂದಿದ್ದನಂತೆ. ಅಪ್ಪನ ಮಾತು ಕೇಳಿ ಅಜ್ಜಿ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು. ಅಮ್ಮ ತಲೆಯ ಮೇಲೆ ಸೆರಗು ಎಳೆದುಕೊಂಡಳು. ಅಪ್ಪನಿಗೆ ತಾನು ಎಂಥ ಮಾತು ಆಡಿದೆ ಅಂತ ಆಗ ಹೊಳೆಯಿತು. ಗಡಿಬಿಡಿಯಲ್ಲಿ, ಇಬ್ಬರೂ ಪಾಸಾಗ್ಯಾರ ಅಂದರು.

ಯಾರೂ ನಂಬಲಿಲ್ಲ. ನಾನು ಪಾಸಾದದ್ದನ್ನು ನಂಬಿದರು, ಅದರ ಬಗ್ಗೆ ಯಾರಿಗೂ ಅಷ್ಟೇನೂ ಆಸಕ್ತಿ ಇರಲಿಲ್ಲ. ಅಜ್ಜಿ ಮಗಳ ಬೆನ್ನು ಸವರುತ್ತ, ಇರಲಿ ಬಿಡವ್ವ, ಇನ್ನೊಂದು ಸರ್ತಿ ಕುಂತರಾತು, ಶಿವ ಅದಾನ ಅಂತ ಸಮಾಧಾನ ಶುರುಮಾಡಿದಳು. ಅಪ್ಪ, ಯವ್ವ, ಖರೇನ ಪಾಸಾಗ್ಯಾಳ ಅಂದರು. ಖರೇನ ಅಂದದ್ದೇ ತಡ, ಅಜ್ಜಿಗೆ ಅಳು ಬಂತು. ನಮ್ಮ ಮನೆಯಲ್ಲಿ ಯಾರೂ ನಿಜವಿದ್ದಾಗ ಖರೇನ ಅಂದದ್ದೇ ಇಲ್ಲ. ಅಳು ಕೇಳಿ ಪಕ್ಕದ ಮನೆಯವರು ಬಂದರು, ಯಾರಿಗೇನಾತು ಅಂತ ಮೆಲ್ಲಗೆ ಕೇಳಿ ತಾವೂ ಕಣ್ಣೊರೆಸಿಕೊಂಡರು. ಅಪ್ಪ ಎದೆ ಮುಟ್ಟಿಕೊಂಡು ಆಣೆ ಮಾಡಿದರು. ಆಣೆ ಮಾಡಿದಷ್ಟೂ ಪರಿಸ್ಥಿತಿ ಕೆಟ್ಟಿತು. ಬದುಕೆಲ್ಲ ಜನರ ಮನಸ್ಸು ನೋಯದ ಹಾಗೆ ಮಾತಾಡಿದ ಮನುಷ್ಯ, ಒಂದು ನಿಜ ಹೇಳಲು ಹೋಗಿ ನಡುಮನೆಯಲ್ಲಿ ಬೆವತು ನಿಂತಿದ್ದರು. ಕಿರಾಣಿ ಅಂಗಡಿಯವನಾಗಿ ಒಂದು ಹಿಡಿ ಸಕ್ಕರೆಯನ್ನಾದರೂ ಕೈಯಲ್ಲಿ ಹಿಡಿದು ಬರಬಾರದಿತ್ತೇ ಅಂತ ಅಮ್ಮ ಈಗಲೂ ಅನ್ನುತ್ತಾಳೆ.

ಪಾರತ್ತಿ ಮಾತ್ರ ಅತ್ತಿರಲಿಲ್ಲ. ಕೈಯಲ್ಲಿ ರೊಟ್ಟಿಯ ತುಂಡು ಹಾಗೇ ಇತ್ತು. ಇಂಗ್ಲಿಷಿನಾಗ ಎಷ್ಟು ಬಂದಾವಣ್ಣ ಅಂತ ಕೇಳಿದಳು. ಅಪ್ಪ, ಮೂವತ್ತೈದು ಅಂದರು.

ಆಕೆ ಒಂದು ಗಳಿಗೆ ಅಪ್ಪನ ಮುಖ ನೋಡಿ, ಅಜ್ಜಿಯ ಕಡೆ ತಿರುಗಿದಳು. "ಅಳಬ್ಯಾಡ ಯವ್ವ, ಖರೇನ ಪಾಸಾಗೀನಿ. ಸುಳ್ಳಾಗಿದ್ರ ಅಣ್ಣ ಐವತ್ತಾದ್ರೂ ಅಂತಿದ್ದ."

ಆಮೇಲೆ ತುಂಡನ್ನು ಪಲ್ಯಕ್ಕೆ ಅದ್ದಿ ಬಾಯಿಗಿಟ್ಟುಕೊಂಡಳು. ಅಪ್ಪ ಅಂಗಡಿಗೆ ಓಡಿದರು. ಸಕ್ಕರೆ ಬಂತು, ಅಳಲು ಬಂದಿದ್ದ ಪಕ್ಕದ ಮನೆಯವರ ಬಾಯಿಗೂ ಬಿತ್ತು. ಆ ದಿನ ನಾನು ಪಾಸಾದದ್ದು ಯಾರಿಗಾದರೂ ನೆನಪಾದದ್ದು ಸಂಜೆ ಚಾ ಹೊತ್ತಿಗೆ.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಪಾಸಾಗುವುದು ಒಂದು ಮಾತು, ಕೆಲಸ ಸಿಗುವುದು ಇನ್ನೊಂದು. ಅಂಗನವಾಡಿ ಟೀಚರು ಅದೇ ಊರಿನಲ್ಲಿ ಇರುವವಳೇ ಆಗಿರಬೇಕು ಅಂತ ನಿಯಮ. ಅದೇ ಕೆಲಸಕ್ಕೆ ಊರಿನ ಇನ್ನೊಂದು ಮನೆಯ ಸೊಸೆಯೂ ಅರ್ಜಿ ಹಾಕಿದ್ದಳು. ಆ ಮನೆಯವರು ಕೂಡ್ಲಿಗಿಯ ಅಂಗನವಾಡಿ ಆಫೀಸಿಗೆ ಹೋಗಿ, ಪಾರ್ವತಿ ಈ ಊರಾಕಿ ಅಲ್ರಿ, ಆಕಿ ಪಂಚಮಿಗೆ ಬಂದಾಕಿ, ಬೇಕಾದ್ರ ಅವರವ್ವನ್ನ ಕೇಳ್ರಿ ಅಂತ ಹೇಳಿ ಬಂದರು. ಅವರೇನೂ ಸುಳ್ಳು ಹೇಳಿರಲಿಲ್ಲ. ಅಷ್ಟು ವರ್ಷ ಅಜ್ಜಿ ಊರಿಗೆಲ್ಲ ಹಂಚಿದ ಮಾತನ್ನೇ ತಿರುಗಿ ಒಯ್ದು ಕೊಟ್ಟಿದ್ದರು.

ವಿಚಾರಣೆಗೆ ಕೂಡ್ಲಿಗಿಯಿಂದ ಒಬ್ಬರು ಮೇಡಂ ಬಂದರು. ಅಜ್ಜಿ ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದಳು, ನಾನು ಪಕ್ಕದಲ್ಲಿದ್ದೆ. ಮೇಡಂ ಒಳ್ಳೆಯವರೇ, ಬಿಸಿಲಲ್ಲಿ ಬಂದು ದಣಿದಿದ್ದರು. "ನಿಮ್ಮ ಮಗಳು ಹಬ್ಬಕ್ಕ ಬಂದಾರಂತಲ್ರಿ ಅಮ್ಮಾರ? ನಮಗ ಇಲ್ಲೇ ಇರೋರು ಬೇಕು. ಖರೇ ಹೇಳ್ರಿ" ಅಂದರು.

ಮೊದ್ಲು ಒಂದು ಕಪ್ಪು ಚಾ ಕುಡೀರಿ ಅಂದಳು ಅಜ್ಜಿ. ಮತ್ತೆ ಅದೇ ಮೊದ್ಲು ಬಂತಲ್ಲ ಅಂದುಕೊಂಡೆ. ಮೇಡಂ ಚಾ ಬ್ಯಾಡ ಅಂದರು. ಅಂಗಡಿಯಲ್ಲಿ ಅಪ್ಪ ತಕ್ಕಡಿ ಹಿಡಿದವರು ಹಾಗೇ ನಿಂತಿದ್ದರು. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತ್ತು. ಆಕಿ ಪಂಚಮಿಗೆ ಅಂತ ಅಜ್ಜಿ ಶುರುಮಾಡಿದಳು. ನಾಲಿಗೆಗೆ ಅದೇ ದಾರಿ ಗೊತ್ತು. ಅಲ್ಲಿಗೆ ನಿಲ್ಲಿಸಿ, ಮಡಿಲಲ್ಲಿದ್ದ ಸಿಪ್ಪೆಯನ್ನೆಲ್ಲ ಕೆಳಗೆ ಸುರಿದಳು.

"ಪಂಚಮಿಗೆ ಬಂದಿಲ್ರಿ ಆಕಿ" ಅಂದಳು. "ಅವ ಬಡೀತಿದ್ದ್ರಿ. ಕೈ ಮುರಿದ. ಗಂಡನ್ನ ಬಿಟ್ಟು ಬಂದಾಳ, ಇನ್ನ ಹೋಗಂಗಿಲ್ಲ. ಇದು ಆಕಿ ಮನಿ. ಹಂಗ ಬರಕೊಳ್ರಿ."

ಓಣಿಯಲ್ಲಿ ಜನ ಇದ್ದರು, ಎಲ್ಲರೂ ಕೇಳಿದರು. ಎಲ್ಲರಿಗೂ ಮೊದಲೇ ಗೊತ್ತಿದ್ದ ಮಾತೇ ಆದರೂ ಅದನ್ನು ಯಾರೂ ಯಾರ ಬಾಯಿಂದಲೂ ಕೇಳಿರಲಿಲ್ಲ. ಮೇಡಂ ಬರೆದುಕೊಂಡರು, ಬರ್ತೀನ್ರಿ ಅಂತ ಎದ್ದರು. ಅಜ್ಜಿ ಅಷ್ಟು ಮುದುಕಿಯಾಗಿ ನನಗೆ ಎಂದೂ ಕಂಡಿರಲಿಲ್ಲ, ಆಕೆಯ ಮೇಲೆ ಅಷ್ಟು ಅಭಿಮಾನವೂ ಎಂದೂ ಉಕ್ಕಿರಲಿಲ್ಲ. ತಬ್ಬಿಕೊಳ್ಳೋಣ ಅನ್ನಿಸಿತು. ನಮ್ಮಲ್ಲಿ ಹಾಗೆಲ್ಲ ತಬ್ಬಿಕೊಳ್ಳುವುದಿಲ್ಲವಾದ್ದರಿಂದ ಚೆಲ್ಲಿದ ಸಿಪ್ಪೆ ಬಳಿಯತೊಡಗಿದೆ.

ಪಾರತ್ತಿ ಕೈಯೆಲ್ಲ ಹಿಟ್ಟು ಮಾಡಿಕೊಂಡು ಬಾಗಿಲಿಗೆ ಬಂದಳು. ಆಕೆಯ ಕಣ್ಣು ತುಂಬಿತ್ತು, ಬಾಯಿ ಮಾತ್ರ ನಗುತ್ತಿತ್ತು.

"ಪಂಚಮಿ ಮುಗೀತೇನವ್ವ?" ಅಂದಳು.

ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡು, ಮಗಳನ್ನು ಗದರಿಸಿದಳು.

"ಮುಗೀತು ಅನಬಾರ್ದು. ಹೆಚ್ಚಾತು ಅನ್ನು."